ಕಾಗೋಡಿನ ಕೊಳಗವೂ ಅಣುಬಾಂಬಿನ ಲೆಕ್ಕವೂ

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಜಗಳ ಹತ್ತಿದ್ದು ಒಂದು ಕೊಳಗದ ಸಲುವಾಗಿ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರು ಹಿಡಿಯುವ ಕೊಳಗ ಇರಬೇಕಾದ್ದಕ್ಕಿಂತ ದೊಡ್ಡದು ಎಂಬುದು ದೀವರ ಸಮುದಾಯದ ಗೇಣಿದಾರರ ದೂರು. ಅವರನ್ನು ಸಂಘಟಿಸಿದವರು ಎಚ್. ಗಣಪತಿಯಪ್ಪ. ಬೆನ್ನಿಗೆ ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷ. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಇಷ್ಟು ಕಥೆ ಶಿವಮೊಗ್ಗ ಜಿಲ್ಲೆಯಲ್ಲಿ ಬಹಳ ಜನಕ್ಕೆ ಗೊತ್ತು. ಆದರೆ ಅದಾದ ಕೆಲವೇ ವಾರಗಳಿಗೆ ಲೋಹಿಯಾ ಅಮೆರಿಕದಲ್ಲಿದ್ದರು, ಅಲ್ಲಿ ಊರೂರು ಸುತ್ತಿ ವಿಶ್ವ ಸರ್ಕಾರದ ಮಾತಾಡುತ್ತಿದ್ದರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಭತ್ತದ ಕೊಳಗಕ್ಕೂ ವಿಶ್ವ ಸರ್ಕಾರಕ್ಕೂ ಎತ್ತಣಿಂದೆತ್ತ ಸಂಬಂಧ ಅನ್ನಿಸಬಹುದು. ಆ ಕಾಲ ಹಾಗಿತ್ತು. 1945ರ ಆಗಸ್ಟ್ 6ರಂದು ಹಿರೋಶಿಮಾ, 9ರಂದು ನಾಗಸಾಕಿ ಸುಟ್ಟುಹೋದ ಮೇಲೆ ದೇಶಗಳ ಗಡಿಯನ್ನೇ ಅನುಮಾನಿಸುವ ಜನ ಎಲ್ಲ ಕಡೆ ಹುಟ್ಟಿಕೊಂಡರು. ಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿದ್ದ ಅಮೆರಿಕದ ಗ್ಯಾರಿ ಡೇವಿಸ್ 1948ರಲ್ಲಿ ಪ್ಯಾರಿಸ್‌ನ ರಾಯಭಾರ ಕಚೇರಿಗೆ ಹೋಗಿ ಪೌರತ್ವ ಬಿಟ್ಟುಕೊಟ್ಟು, ತಾನು ವಿಶ್ವ ಪ್ರಜೆ ಎಂದು ಘೋಷಿಸಿಕೊಂಡ. ಆಮೇಲೆ ತಾನೇ ವಿಶ್ವ ಪಾಸ್‌ಪೋರ್ಟ್ ಅಚ್ಚು ಹಾಕಿಸಿದ. ಅದನ್ನು ಹಿಡಿದು ಹೋದ ಕಡೆಯೆಲ್ಲ ಜೈಲಿನ ಊಟವೂ ಸಿಕ್ಕಿತು ಅನ್ನಿ. 1951ರ ಲೋಹಿಯಾ ಪ್ರವಾಸದಲ್ಲಿ ಜೊತೆಗಿದ್ದ ಹ್ಯಾರಿಸ್ ವಾಫರ್ಡ್ ಕೂಡ ಶಾಲಾ ದಿನಗಳಲ್ಲೇ ವಿಶ್ವ ಸರ್ಕಾರಕ್ಕಾಗಿ ವಿದ್ಯಾರ್ಥಿಗಳ ಸಂಘ ಕಟ್ಟಿದ್ದ ಹುಡುಗ.

ಲೋಹಿಯಾ ಕೇಳುತ್ತಿದ್ದದ್ದು ವಯಸ್ಕರೆಲ್ಲರ ಮತದಿಂದ ಆರಿಸಿ ಬರುವ ವಿಶ್ವ ಸಂಸತ್ತು. ಒಟ್ಟೊಟ್ಟಿಗೇ ನಡೆಯಬೇಕೆಂದು ಅವರು ಹೇಳಿದ ಏಳು ಹೋರಾಟಗಳ ಪಟ್ಟಿಯಾದ ಸಪ್ತ ಕ್ರಾಂತಿಯಲ್ಲಿ ಹೆಣ್ಣು-ಗಂಡಿನ ಸಮಾನತೆ, ಜಾತಿ, ಮೈಬಣ್ಣ, ಸಂಪತ್ತು ಎಲ್ಲ ಇವೆ. ಶಸ್ತ್ರಗಳ ವಿರುದ್ಧ ಸತ್ಯಾಗ್ರಹ ಎಂಬುದೂ ಅದೇ ಸಾಲಿನಲ್ಲಿ ಬರುತ್ತದೆ. ಶಾಂತಿಯನ್ನು ಬೇರೆ ಗಂಟಾಗಿ ಕಟ್ಟಿಡದೆ ಗೇಣಿ, ಜಾತಿಗಳ ಜೊತೆಗೇ ಇಟ್ಟರಲ್ಲ, ನನಗೆ ಮುಖ್ಯ ಅನ್ನಿಸುವುದು ಅದು. 1964ರಲ್ಲಿ ಅಮೆರಿಕದ ಮಿಸಿಸಿಪ್ಪಿಯ ಜಾಕ್ಸನ್ ನಗರದಲ್ಲಿ ಬಿಳಿಯರಿಗಷ್ಟೇ ಮೀಸಲಾಗಿದ್ದ ಹೋಟೆಲಿಗೆ ಕಾಲಿಟ್ಟು ಬಂಧನಕ್ಕೊಳಗಾದದ್ದೂ ಇದೇ ಜಾಡಿನಲ್ಲಿ. ಹಾಗಂತ ಅವರನ್ನು ಬರೀ ಶಾಂತಿದೂತ ಮಾಡುವಂತಿಲ್ಲ. ಚೀನಾ ವಿಚಾರದಲ್ಲಿ ನೆಹರೂ ಮೆತ್ತಗಾದರು ಎಂದು ಅವರಷ್ಟು ಖಾರವಾಗಿ ಬೈದವರು ಕಡಿಮೆ.

ಗೋಪಾಲಗೌಡರ ಊರು ಆರಗ ಇರುವ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ಕುಪ್ಪಳಿಯೂ ಇದೆ. ಕುವೆಂಪು ಅವರ ವಿಶ್ವಮಾನವ ಹುಟ್ಟಿದ್ದು ಈ ಮಣ್ಣಿನಿಂದ. ಅವರ ಜನ್ಮದಿನ ಡಿಸೆಂಬರ್ 29ನ್ನು ಈಗ ವಿಶ್ವಮಾನವ ದಿನವಾಗಿ ಆಚರಿಸುತ್ತೇವೆ: ಫೋಟೋಕ್ಕೆ ಹಾರ, ಎರಡು ಭಾಷಣ, ಕಾಫಿ.

ಇತ್ತ ವಿಶ್ವ ಸರ್ಕಾರದ ಕನಸು ಐವತ್ತರ ದಶಕದಲ್ಲೇ ಸೊರಗಿತು. ಉಳಿದದ್ದು ಒಪ್ಪಂದಗಳ ದಾರಿ. ಪೆಸಿಫಿಕ್ ಸಾಗರದಲ್ಲಿ ಅಮೆರಿಕದ ಜಲಜನಕ ಬಾಂಬು ಸಿಡಿದ ಮರುತಿಂಗಳು, 1954ರ ಏಪ್ರಿಲ್‌ನಲ್ಲಿ, ಅಣು ಪರೀಕ್ಷೆಗಳನ್ನೇ ನಿಲ್ಲಿಸಿ ಎಂದು ನೆಹರೂ ಕೇಳಿದರು. 1963ರ ಒಪ್ಪಂದದಲ್ಲಿ ಅದು ಅರ್ಧ ಈಡೇರಿತು: ಗಾಳಿ, ನೀರು, ಬಾಹ್ಯಾಕಾಶದಲ್ಲಿ ಬೇಡ, ನೆಲದಡಿ ಅಡ್ಡಿಯಿಲ್ಲ!

ಆಮೇಲೆ 1968ರ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ. 1967ರ ಜನವರಿ 1ಕ್ಕೆ ಮೊದಲು ಬಾಂಬು ಸಿಡಿಸಿದ ಐದು ದೇಶಗಳು ಅಣ್ವಸ್ತ್ರ ರಾಷ್ಟ್ರಗಳು, ಉಳಿದವರು ಅದರ ತಂಟೆಗೆ ಬರಬಾರದು. ಇದ್ದವರು ಮುಂದೆ ನಿಶ್ಶಸ್ತ್ರೀಕರಣದ ಮಾತುಕತೆ ಆಡಬೇಕು, ಆದರೆ ಗಡುವು ಬರೆದಿಲ್ಲ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಡೆಯನಿಗೊಂದು ಕೊಳಗ, ಒಕ್ಕಲಿಗೊಂದು ಕೊಳಗ. ಈ ತಾರತಮ್ಯ ಒಪ್ಪೆವು ಎಂದೇ ಭಾರತ ಸಹಿ ಹಾಕಲಿಲ್ಲ, ಆ ಮಾತಿನಲ್ಲಿ ನ್ಯಾಯವಿತ್ತು. ಕಾಗೋಡಿನವರು ಕೇಳಿದ್ದು ಎಲ್ಲರಿಗೂ ಸರಿಯಾದ ಒಂದೇ ಕೊಳಗ. ನಾವು 1974ರಲ್ಲಿ, ಮತ್ತೆ 1998ರಲ್ಲಿ ಪೋಖ್ರಾನ್‌ನಲ್ಲಿ ಅಣು ಪರೀಕ್ಷೆ ನಡೆಸಿ ದೊಡ್ಡ ಕೊಳಗವನ್ನೇ ಮಾಡಿಸಿಕೊಂಡೆವು. ನಡುವೆ, 1988ರಲ್ಲಿ, ಗಡುವು ಹಾಕಿ ಎಲ್ಲರ ಅಣ್ವಸ್ತ್ರ ಕಳೆಯುವ ಯೋಜನೆಯನ್ನು ರಾಜೀವ್ ಗಾಂಧಿ ವಿಶ್ವಸಂಸ್ಥೆಯ ಮುಂದಿಟ್ಟಿದ್ದರು. ಯಾರೂ ಕಿವಿಗೊಡಲಿಲ್ಲ.

2017ರ ಜುಲೈ 7ರಂದು 122 ದೇಶಗಳು ಅಣ್ವಸ್ತ್ರವನ್ನೇ ನಿಷೇಧಿಸುವ ಒಪ್ಪಂದಕ್ಕೆ ಮತ ಹಾಕಿದವು. 2021ರಲ್ಲಿ ಅದು ಜಾರಿಗೂ ಬಂತು. ಅದಕ್ಕೆ ದುಡಿದ ನಾಗರಿಕ ಸಂಘಟನೆಗಳ ಕೂಟಕ್ಕೆ ನೊಬೆಲ್ ಸಿಕ್ಕಿತು, 2024ರಲ್ಲಿ ಜಪಾನಿನ ಬಾಂಬ್ ಸಂತ್ರಸ್ತರ ಸಂಘಕ್ಕೂ. ಬಾಂಬು ಇಟ್ಟುಕೊಂಡ ಒಂಬತ್ತರಲ್ಲಿ ಒಂದು ದೇಶವೂ ಈ ಒಪ್ಪಂದಕ್ಕೆ ಸೇರಿಲ್ಲ. ಭಾರತ ಮಾತುಕತೆಗೇ ಹೋಗಲಿಲ್ಲ. ಎಂಬತ್ತರ ದಶಕದ ನಡುವಿನಲ್ಲಿ ಸುಮಾರು 70,000 ಇದ್ದ ಸಿಡಿತಲೆಗಳು ಈಗ 12,000ದ ಆಸುಪಾಸಿಗೆ ಇಳಿದಿವೆ ಎಂಬುದಷ್ಟೇ ಸಮಾಧಾನ.

ಸರ್ಕಾರಗಳನ್ನು ನೆಚ್ಚದೆ ಹೊರಟ ಇಬ್ಬರನ್ನು ಇಲ್ಲಿ ನೆನೆಯಬೇಕು. ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್, ವಿನೋಬಾ ಬಳಗದ ಯುವಕರು. ಅಣ್ವಸ್ತ್ರ ವಿರೋಧಿಸಿ ಬ್ರಿಟನ್ನಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಇಳಿವಯಸ್ಸಿನಲ್ಲಿ ಜೈಲಿಗೆ ಹೋದ ಸುದ್ದಿಯನ್ನು ಅವರು ಓದಿದ್ದು ಬೆಂಗಳೂರಿನ ಒಂದು ಹೋಟೆಲಿನಲ್ಲಿ ಕೂತು. 1962ರಲ್ಲಿ ದೆಹಲಿಯ ರಾಜಘಾಟ್‌ನಿಂದ ಬಿಡಿಗಾಸಿಲ್ಲದೆ ಹೊರಟರು. ವಿನೋಬಾ ಹೇಳಿಕಳಿಸಿದ್ದೇ ಹಾಗೆ, ದುಡ್ಡು ಇಟ್ಟುಕೊಳ್ಳಬೇಡಿ ಅಂತ. ಮಾಸ್ಕೊ, ಪ್ಯಾರಿಸ್, ಲಂಡನ್, ವಾಷಿಂಗ್ಟನ್, ಒಟ್ಟು ಸುಮಾರು 8,000 ಮೈಲಿಯ ದಾರಿ. ಸೋವಿಯತ್ ನೆಲದ ಒಂದು ಚಹಾ ಕಾರ್ಖಾನೆಯ ಎದುರು ಸಿಕ್ಕ ಹೆಂಗಸು ನಾಲ್ಕು ಪೊಟ್ಟಣ ಚಹಾ ತಂದುಕೊಟ್ಟಳು, ನಾಲ್ಕು ರಾಜಧಾನಿಗಳ ನಾಯಕರಿಗೆಂದು. ಬಾಂಬಿನ ಗುಂಡಿ ಒತ್ತುವ ಹುಚ್ಚು ಬಂದಾಗ ಒಂದು ಗಳಿಗೆ ನಿಂತು ಇದನ್ನು ಕಾಯಿಸಿ ಕುಡಿಯಲಿ ಎಂದು ಹೇಳಿ ಕಳಿಸಿದಳು. ಇಬ್ಬರೂ ಅದನ್ನು ಹೊತ್ತುಕೊಂಡು ಹೋಗಿ ತಲುಪಿಸಿದರು. ಇವತ್ತು ಯಾರಾದರೂ ಹಾಗೆ ಹೊರಟರೆ ಒಂಬತ್ತು ಪೊಟ್ಟಣ ಬೇಕು. ಅದರಲ್ಲಿ ಒಂದು, ಆ ಇಬ್ಬರು ಹೊರಟ ದೆಹಲಿಗೇ.