ಕೋವಿ ಪರವಾನಗಿ ಎಂದರೇನು?

ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ಸರ್ಕಾರ ಕೊಡುವ ಅನುಮತಿಯೇ ಕೋವಿ ಪರವಾನಗಿ ಎಂದು ಹೆಚ್ಚಿನವರು ತಿಳಿದಿದ್ದಾರೆ. ಇದು ಅರ್ಧ ಸರಿ. ಕೋವಿಯನ್ನು ಕೊಳ್ಳುವುದು, ಇಟ್ಟುಕೊಳ್ಳುವುದು, ಹೊರಗೆ ಒಯ್ಯುವುದು ಇವೆಲ್ಲ ಕಾನೂನಿನ ಕಣ್ಣಿಗೆ ಬೇರೆ ಬೇರೆ ಕೆಲಸಗಳು. ಪರವಾನಗಿಯ ಪುಸ್ತಕ ತೆರೆದು ನೋಡಿದರೆ ಯಾವ ಆಯುಧ, ಎಷ್ಟು ತೋಟೆ (ಕಾಡತೂಸು), ಯಾವ ಉದ್ದೇಶ, ಎಲ್ಲಿಯವರೆಗೆ ಒಯ್ಯಬಹುದು, ಯಾವ ದಿನಾಂಕದವರೆಗೆ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಜಿಲ್ಲೆಯೊಳಗೆ ಮಾತ್ರ ಸಲ್ಲುವ ಪರವಾನಗಿ ಹಿಡಿದು ಪಕ್ಕದ ಜಿಲ್ಲೆಗೆ ಕೋವಿ ಒಯ್ದರೆ ಷರತ್ತು ಮುರಿದಂತೆ, ಅದಕ್ಕೆ ಶಿಕ್ಷೆಯೂ ಇದೆ. ಹಾಗಾಗಿ ಪರವಾನಗಿ ಎಂದರೆ ಷರತ್ತುಗಳ ಕಟ್ಟು ಎಂದು ತಿಳಿಯುವುದೇ ಸರಿ. ಷರತ್ತುಗಳಲ್ಲಿ ಅತ್ಯಂತ ಮುಖ್ಯವಾದದ್ದು ತರಬೇತಿ, ಮತ್ತು ನಮ್ಮಲ್ಲಿ ಅತ್ಯಂತ ಕಡಿಮೆ ಚರ್ಚೆಯಾಗುವುದೂ ಅದೇ ಎಂಬುದು ನನ್ನ ಅಭಿಪ್ರಾಯ.

ಭಾರತದಲ್ಲಿ ಇದಕ್ಕೆಲ್ಲ ಆಧಾರ 1959ರ ಆಯುಧ ಕಾಯ್ದೆ. ಅದರ ಹಿಂದೆ ಒಂದು ಕಹಿ ನೆನಪಿದೆ. ವೈಸ್‌ರಾಯ್ ಲಿಟ್ಟನ್ ಕಾಲದಲ್ಲಿ, 1878ರಲ್ಲಿ, ಬ್ರಿಟಿಷರು ತಂದ ಆಯುಧ ಕಾಯ್ದೆ ಭಾರತೀಯರ ಕೈಯಿಂದ ಆಯುಧ ಕಿತ್ತುಕೊಂಡು ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ಈ ಅವಮಾನ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ ಆಯುಧ ಹೊಂದುವ ಹಕ್ಕೂ ಸೇರಿತ್ತು. ಆದರೆ ಅಲ್ಲಿಯೂ ಆ ಹಕ್ಕು ಕಟ್ಟುಪಾಡುಗಳಿಗೆ ಒಳಪಟ್ಟದ್ದು ಎಂಬ ಮಾತು ಜೊತೆಯಲ್ಲೇ ಇತ್ತು. ಸ್ವಾತಂತ್ರ್ಯ ಬಂದ ಮೇಲೆ, 1948ರ ಡಿಸೆಂಬರ್‌ನಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು ಇದನ್ನು ಸಂವಿಧಾನದಲ್ಲಿ ಸೇರಿಸಬೇಕೆಂದು ಸಂವಿಧಾನ ಸಭೆಯಲ್ಲಿ ತಿದ್ದುಪಡಿ ಮಂಡಿಸಿದರು. ಅಂಬೇಡ್ಕರ್ ಒಪ್ಪಲಿಲ್ಲ. ಕಾಲ ಬದಲಾಗಿದೆ, ಎಲ್ಲರಿಗೂ ಹಕ್ಕು ಕೊಟ್ಟರೆ ಅಪಾಯಕಾರಿಗಳಿಗೂ ಕೊಟ್ಟಂತಾಗುತ್ತದೆ, ಈಗ ಒತ್ತು ಕೊಡಬೇಕಾದದ್ದು ಆಯುಧದ ಹಕ್ಕಿಗಲ್ಲ, ದೇಶಕ್ಕೆ ಬೇಕಾದಾಗ ಆಯುಧ ಹಿಡಿಯುವ ಕರ್ತವ್ಯಕ್ಕೆ ಎಂಬುದು ಅವರ ವಾದದ ತಿರುಳು. ತಿದ್ದುಪಡಿ ಬಿದ್ದುಹೋಯಿತು. 2023ರಲ್ಲಿ ಪರವಾನಗಿಯಿಲ್ಲದ ಬಂದೂಕುಗಳ ಬಳಕೆಯ ಬಗ್ಗೆ ಕಳವಳ ವ್ಯಕ್ತಪಡಿಸಿದಾಗ ಸುಪ್ರೀಂ ಕೋರ್ಟ್ ಕೂಡ ಇದನ್ನೇ ನೆನಪಿಸಿತು: ಅಮೆರಿಕದಲ್ಲಿರುವಂತೆ ನಮ್ಮ ಸಂವಿಧಾನದಲ್ಲಿ ಬಂದೂಕು ಧರಿಸುವ ಮೂಲಭೂತ ಹಕ್ಕು ಯಾರಿಗೂ ಇಲ್ಲ.

ಹಕ್ಕಲ್ಲ ಎಂದ ಮಾತ್ರಕ್ಕೆ ಅಧಿಕಾರಿಯ ಮರ್ಜಿ ಎಂದು ಅರ್ಥವಲ್ಲ. ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ, ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಆಯುಕ್ತರು ಪರವಾನಗಿ ಕೊಡುತ್ತಾರೆ. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು, ಪೊಲೀಸ್ ವರದಿ ಬರಬೇಕು, ಮಾನಸಿಕ ಮತ್ತು ದೈಹಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ ಬೇಕು. ಆಸ್ತಿ ಸಾಲದು ಎಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ತಿರಸ್ಕರಿಸುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಕೋವಿ ಸಾಹುಕಾರರ ಗೋಡೆಯ ಅಲಂಕಾರವಾಗಬಾರದು ಎಂಬ ಆಶಯ ಆ ಸಾಲಿನಲ್ಲಿದೆ. ನಿರಾಕರಿಸಿದರೆ ಸಾಮಾನ್ಯವಾಗಿ ಕಾರಣವನ್ನು ಬರೆದು ಕೊಡಬೇಕು, ಮೇಲ್ಮನವಿಗೂ ಅವಕಾಶವಿದೆ.

ಆಯುಧದ ಬಗೆಯ ಮೇಲೆ ಬಿಗಿಯೂ ಬದಲಾಗುತ್ತದೆ. ಬೆಳೆ ಕಾಯುವುದಕ್ಕೆ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ, ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆ ಉದ್ದ ನಳಿಗೆಯ ತೋಟೆ ಕೋವಿ ಕೇಳಿದರೆ ಕಾನೂನು ತುಸು ಉದಾರ. ಪಿಸ್ತೂಲು, ರಿವಾಲ್ವರ್ ಕೇಳಿದರೆ ಜೀವಕ್ಕೆ ನಿಜವಾದ ಬೆದರಿಕೆ ಇದೆ ಎಂಬಂಥ ಗಟ್ಟಿ ಕಾರಣ ತೋರಿಸಬೇಕು. ಸೊಂಟದಲ್ಲಿ ಮರೆಯಾಗುವ ಆಯುಧಕ್ಕೂ ಹೆಗಲ ಮೇಲೆ ಎಲ್ಲರಿಗೂ ಕಾಣುವ ಆಯುಧಕ್ಕೂ ಹೀಗೆ ಭೇದ ಮಾಡಿರುವುದು ವಿವೇಕದ ಕೆಲಸ. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಮೊದಲು ಮೂರರವರೆಗೆ ಅವಕಾಶವಿತ್ತು. ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದ್ದೂ ಆಗಲೇ.

ಬೆಳೆ ರಕ್ಷಣೆಯ ಪರವಾನಗಿಯ ಬಗ್ಗೆ ಮಲೆನಾಡು ಮತ್ತು ಕರಾವಳಿಯಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿದೆ. ಈ ಪರವಾನಗಿ ಕೋವಿ ಇಟ್ಟುಕೊಳ್ಳಲು ಅನುಮತಿಯೇ ಹೊರತು ಪ್ರಾಣಿ ಕೊಲ್ಲಲು ಅನುಮತಿಯಲ್ಲ. ಅಡಿಕೆ ತೋಟಕ್ಕೆ ನುಗ್ಗುವ ಮಂಗ, ಗದ್ದೆ ಅಗೆಯುವ ಕಾಡುಹಂದಿ, ಬಾಳೆ ಮುರಿಯುವ ಆನೆ ಇವುಗಳನ್ನು ಸದ್ದು ಮಾಡಿ ಓಡಿಸಬಹುದು. ಗುಂಡಿಟ್ಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎದುರಾಗುತ್ತದೆ. ವರ್ಷದ ದುಡಿಮೆ ಒಂದೇ ರಾತ್ರಿಯಲ್ಲಿ ಮಣ್ಣುಪಾಲಾಗುವುದನ್ನು ನೋಡಿದ ರೈತನಿಗೆ ಈ ವ್ಯತ್ಯಾಸ ಕ್ರೂರವಾಗಿ ಕಾಣುವುದು ಸಹಜ. ಆ ನೋವಿಗೆ ಪರಿಹಾರ ಬೇರೆ ದಾರಿಯಲ್ಲಿ ಸಿಗಬೇಕು. ಪರವಾನಗಿ ಕೈಗೆ ಕೊಡುವ ದಿನವೇ ಇದನ್ನು ಅವನಿಗೆ ಬಿಡಿಸಿ ಹೇಳುವವರು ಇರಬೇಕು.

ಈಗ ತರಬೇತಿ. 2016ರ ಆಯುಧ ನಿಯಮಗಳು ಸುರಕ್ಷತಾ ತರಬೇತಿಯನ್ನು ಅರ್ಜಿಯ ಭಾಗವಾಗಿ ಮಾಡಿದವು. ಆಯುಧವನ್ನು ಸುರಕ್ಷಿತವಾಗಿ ಹಿಡಿಯುವ ಮತ್ತು ಒಯ್ಯುವ ಕ್ರಮ, ಗುಂಡು ಹಾರಿಸುವ ವಿಧಾನ, ಆಯುಧ ಮತ್ತು ಮದ್ದುಗುಂಡಿನ ಆರೈಕೆ, ಅವುಗಳ ಸಂಗ್ರಹ ಮತ್ತು ಸಾಗಣೆ ಅದರ ಪಠ್ಯ. ಕರ್ನಾಟಕದಲ್ಲಿ ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳು ಹಲವರಿಗೆ ಗೊತ್ತಿವೆ. ಶಿಬಿರ ಮುಗಿಸಿದವರಿಗೆ ಪ್ರಮಾಣಪತ್ರ ಕೊಡುತ್ತಾರೆ. ಇದು ಒಳ್ಳೆಯ ವ್ಯವಸ್ಥೆ. ಆದರೆ ಪ್ರಮಾಣಪತ್ರ ಸಿಗುವುದಕ್ಕೂ ಕೈ ಪಳಗುವುದಕ್ಕೂ ಅಂತರವಿದೆ.

ಕೇಪಿನ ಕೋವಿಯನ್ನೇ ತೆಗೆದುಕೊಳ್ಳಿ. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ಅಥವಾ ಬಟ್ಟೆ ಗಿಡಿದು, ಚರೆ ಹಾಕಿ, ಮತ್ತೆ ಗಿಡಿದು, ಕೊನೆಗೆ ಹಿಂಬದಿಯಲ್ಲಿ ಕೇಪು, ಅಂದರೆ ಬಡಿದಾಗ ಕಿಡಿ ಹೊತ್ತಿಸುವ ಪುಟ್ಟ ಮುಚ್ಚಳ, ಇಡುತ್ತಾರೆ. ಒಮ್ಮೆ ತುಂಬಿದರೆ ಒಳಗೆ ಈಡು ಇದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ರಾತ್ರಿ ಕಾವಲಿಗೆ ಹೋಗಿ, ಹಾರಿಸುವ ಸಂದರ್ಭ ಬರದೆ ಹಾಗೆಯೇ ತಂದು ಬಾಗಿಲ ಮೂಲೆಗೆ ಒರಗಿಸಿದ ಕೋವಿ ಮರುದಿನ ಮಕ್ಕಳ ಕೈಗೆ ಆಟಿಕೆಯಾಗಿ ಸಿಗಬಹುದು. ತೋಟೆ ಕೋವಿಯಲ್ಲಿ ಈ ತೊಂದರೆ ಕಡಿಮೆ. ನಳಿಗೆ ಮಡಚಿದರೆ ತೋಟೆ ಇದೆಯೇ ಎಂದು ಕಣ್ಣಿಗೇ ಕಾಣುತ್ತದೆ, ತೆಗೆದು ಬೇರೆ ಕಡೆ ಬೀಗ ಹಾಕಿಡಬಹುದು. ರೈಫಲ್ ಹಿಡಿದು ಗುರಿಗೆ ಹೊಡೆಯುವುದನ್ನಷ್ಟೇ ಕಲಿತವನಿಗೆ ಕೇಪಿನ ಕೋವಿಯ ಈ ಗುಣ ತಿಳಿಯುವುದಿಲ್ಲ. ಯಾವ ಕೋವಿಗೆ ಪರವಾನಗಿ ಕೇಳಿದ್ದಾನೋ ಅದರ ಮೇಲೆಯೇ ತರಬೇತಿ ನಡೆಯಬೇಕು.

ಇನ್ನೊಂದು ಸಂಗತಿ ಕತ್ತಲು. ಮಲೆನಾಡಿನ ಪತ್ರಿಕೆಗಳಲ್ಲಿ ಹಂದಿಯೆಂದು ಭಾವಿಸಿ ಜೊತೆಗಾರನಿಗೇ ಗುಂಡಿಟ್ಟ ಸುದ್ದಿಗಳು ಬರುತ್ತಲೇ ಇರುತ್ತವೆ. ಇಂಥ ಸಾವುಗಳಿಗೆ ದ್ವೇಷ ಕಾರಣವಲ್ಲ. ಪೊದೆಯ ಅಲುಗಾಟವನ್ನು ನೋಡಿ ಕೋವಿಯ ಕುದುರೆ (ಟ್ರಿಗರ್) ಒತ್ತುವುದು ಕಾರಣ. ಗುರಿ ಏನು, ಗುರಿಯ ಹಿಂದೆ ಏನಿದೆ ಎಂದು ಖಚಿತವಾಗುವವರೆಗೆ ಬೆರಳು ಕುದುರೆಯ ಹತ್ತಿರ ಹೋಗಬಾರದು ಎಂಬ ನಿಯಮವನ್ನು ಮೈಗೂಡಿಸಲು ಭಾಷಣ ಸಾಲದು, ಅಭ್ಯಾಸ ಬೇಕು. ವಾಹನ ಚಾಲನಾ ಪರವಾನಗಿಗೆ ಇನ್‌ಸ್ಪೆಕ್ಟರ್ ಎದುರು ಗಾಡಿ ಓಡಿಸಿ ತೋರಿಸಬೇಕು. ಕೋವಿಯ ವಿಷಯದಲ್ಲೂ ಹಾಜರಾತಿ ನೋಡಿ ಪ್ರಮಾಣಪತ್ರ ಕೊಡದೆ, ಮಾಡಿ ತೋರಿಸಿದ ಮೇಲೆ ಕೊಡುವುದು ನ್ಯಾಯ. ಐದು ವರ್ಷಕ್ಕೊಮ್ಮೆ ನವೀಕರಿಸುವಾಗ ಕೋವಿಯ ಜೊತೆಗೆ ಕೋವಿ ಹಿಡಿದವನನ್ನೂ ಪರೀಕ್ಷಿಸಬೇಕು. ಕಣ್ಣು ಮಂಜಾಗಿರಬಹುದು, ಕೈ ನಡುಗುತ್ತಿರಬಹುದು, ಮನೆಯಲ್ಲಿ ಕುಡಿತ ಹೆಚ್ಚಿರಬಹುದು, ಸಾಲದ ಚಿಂತೆಯಲ್ಲಿ ಮನಸ್ಸು ಕುಸಿದಿರಬಹುದು. ಬೀಗವಿಲ್ಲದ ಕೋವಿ ಮನೆಯವರ ಪಾಲಿಗೇ ಅಪಾಯ.

ವಾರಸುದಾರಿಕೆಯ ವಿಷಯವೂ ಇಲ್ಲಿಗೇ ಸೇರುತ್ತದೆ. ಪರವಾನಗಿದಾರ ತೀರಿಕೊಂಡರೆ, ಅಥವಾ ಅವನಿಗೆ 70 ವರ್ಷವಾದರೆ, ಇಲ್ಲವೇ ಆ ಕೋವಿ ಅವನ ಬಳಿ 25 ವರ್ಷ ಇದ್ದರೆ, ಅದಕ್ಕೆ ಕಾನೂನುಬದ್ಧ ವಾರಸುದಾರರು ಪರವಾನಗಿ ಕೇಳಬಹುದು. ಅಜ್ಜನ ಕೋವಿ ಮೊಮ್ಮಗನಿಗೆ ಬರುವುದು ಸಂತೋಷವೇ. ಆದರೆ ಅಜ್ಜನ ಎಚ್ಚರ ಅದರ ಜೊತೆ ತಾನಾಗಿ ಬರುವುದಿಲ್ಲ. ಬೆಂಗಳೂರಿನಲ್ಲಿ ಬೆಳೆದು ರಜೆಗೆ ಊರಿಗೆ ಬರುವ ಮೊಮ್ಮಗ ಹೊಸ ಅರ್ಜಿದಾರನಷ್ಟೇ ಹೊಸಬ.

ಒಯ್ಯುವ ವಿಚಾರದಲ್ಲಿ ನಿಯಮಗಳು ಸ್ಪಷ್ಟವಾಗಿವೆ. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಅದರ ಚೀಲದಲ್ಲೇ ಇರಬೇಕು, ಉದ್ದ ಕೋವಿಗೂ ಹೊದಿಕೆ ಇರಬೇಕು, ಝಳಪಿಸುವಂತಿಲ್ಲ. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸುವುದನ್ನು 2019ರ ತಿದ್ದುಪಡಿ ಪ್ರತ್ಯೇಕ ಅಪರಾಧವಾಗಿ ಹೆಸರಿಸಿತು: ಅಜಾಗರೂಕತೆಯಿಂದ ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಅಮೆರಿಕದ ಚರ್ಚೆ ನಮಗೆ ಒಂದು ಕಾರಣಕ್ಕೆ ಉಪಯುಕ್ತ. ಬಂದೂಕನ್ನು ಹೊರಗೆ ಒಯ್ಯಲು ವಿಶೇಷ ಕಾರಣ ತೋರಿಸಬೇಕು ಎಂಬ ನ್ಯೂಯಾರ್ಕ್ ರಾಜ್ಯದ ಹಳೆಯ ನಿಯಮವನ್ನು 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆದರೆ ಹಿನ್ನೆಲೆ ಪರಿಶೀಲನೆ, ತರಬೇತಿಯಂಥ ಎಲ್ಲರಿಗೂ ಒಂದೇ ಆಗಿರುವ ಷರತ್ತುಗಳನ್ನು ತಾನು ಅಸಿಂಧು ಎನ್ನುತ್ತಿಲ್ಲ ಎಂದೂ ಹೇಳಿತು. ಇನ್ನೊಂದೆಡೆ, ಪರವಾನಗಿಯೇ ಇಲ್ಲದೆ ಬಂದೂಕು ಒಯ್ಯಬಹುದೆನ್ನುವ ರಾಜ್ಯಗಳ ಸಂಖ್ಯೆ 2024ರಲ್ಲಿ ದಕ್ಷಿಣ ಕೆರೊಲಿನಾ ಸೇರಿದಾಗ 29 ಆಯಿತು. ಪರವಾನಗಿ ಹೋದ ಕಡೆ ಅದರ ಬೆನ್ನಿಗಿದ್ದ ಕಡ್ಡಾಯ ತರಬೇತಿಯೂ ಹೋಗುತ್ತದೆ. ಬಂದೂಕು ಏಕೆ ಬೇಕು ಎಂಬ ಪ್ರಶ್ನೆಯನ್ನು ಬಿಟ್ಟರೂ ಅದನ್ನು ಬಳಸಲು ಬರುತ್ತದೆಯೇ ಎಂಬ ಪ್ರಶ್ನೆಯನ್ನು ಬಿಡಬಾರದಿತ್ತು. ನಮ್ಮಲ್ಲಿ ಸಮಸ್ಯೆ ಬೇರೆ. ಏಕೆ ಬೇಕು ಎಂದು ಕೇಳುವುದರಲ್ಲಿ ಕಚೇರಿಗಳ ಶ್ರಮವೆಲ್ಲ ಮುಗಿದು, ಎರಡನೆಯ ಪ್ರಶ್ನೆಗೆ ಒಂದು ಕಾಗದ ಸಾಕಾಗುತ್ತಿದೆ.

ಪರವಾನಗಿ ಬೇಡದ ಒಂದು ನೆಲ ನಮ್ಮ ರಾಜ್ಯದಲ್ಲೇ ಇದೆ. ಕೊಡಗಿನಲ್ಲಿ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ, ಆಯುಧ ಕಾಯ್ದೆಯ 41ನೇ ಸೆಕ್ಷನ್ ಅಡಿ ಇಂದಿಗೂ ಮುಂದುವರಿದಿದೆ. ಅವರಿಗೆ ಪರವಾನಗಿಯ ಬದಲು ವಿನಾಯಿತಿ ಪತ್ರ ಸಿಗುತ್ತದೆ. ವಿನಾಯಿತಿಗೂ ಮಿತಿ ಇದೆ: ಜಿಲ್ಲೆಯ ಹೊರಗೆ ಒಯ್ಯುವ ಕೋವಿಗೂ ಗುಂಡಿಗೂ ಲೆಕ್ಕವಿದೆ. ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ತೋಕ್ ಪೂ ಎಂಬ ಹೂವಿಟ್ಟು ಕೋವಿಗೆ ಪೂಜೆ ಮಾಡುತ್ತಾರೆ. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು ಹಾರಿಸುತ್ತಾರೆ. ಹುಟ್ಟಿಗೂ ಸಾವಿಗೂ ಕೋವಿಯ ಸದ್ದೇ ಊರಿಗೆ ಸುದ್ದಿ. ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಯಲ್ಲಿ ಹೆಂಗಸರು ಗಂಡಸರು ಇಬ್ಬರೂ ನಿಲ್ಲುತ್ತಾರೆ. ಈ ವಿನಾಯಿತಿಯನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ವಜಾಗೊಳಿಸಿತು.

ಪರವಾನಗಿ ಕಡ್ಡಾಯವಾಗಿರಬೇಕು ಎನ್ನುವ ನನ್ನಂಥವರು ಕೊಡಗಿನ ಬಗ್ಗೆ ಏನು ಹೇಳಬೇಕು? ಅಲ್ಲಿ ಶಿಸ್ತು ಕಲಿಸಿದ್ದು ಸರ್ಕಾರವಲ್ಲ, ಕೊಡವ ಕುಟುಂಬದ ಮೂಲಮನೆಯಾದ ಐನ್‌ಮನೆ. ಕೋವಿಗೆ ಕಾಲು ತಗುಲಿದರೆ ನಮಸ್ಕರಿಸುವ, ಹಿರಿಯರ ಕಣ್ಣೆದುರು ಮಾತ್ರ ಮುಟ್ಟಗೊಡುವ ಮನೆಯೇ ಒಂದು ತರಬೇತಿ ಶಾಲೆ. ಅದನ್ನು ಕಿತ್ತು ಅರ್ಜಿ ನಮೂನೆ ಇಡುವುದು ಮೂರ್ಖತನ. ಆದರೆ ಐನ್‌ಮನೆಗಳಲ್ಲಿ ಈಗ ವರ್ಷವಿಡೀ ಜನ ಇರುವುದಿಲ್ಲ, ಮಕ್ಕಳು ದೂರದ ನಗರಗಳಲ್ಲಿ ಬೆಳೆಯುತ್ತಿದ್ದಾರೆ. 2019ರ ಅಧಿಸೂಚನೆಯ ಪ್ರಕಾರ ಈಗಿನ ವಿನಾಯಿತಿ 2029ರ ಅಕ್ಟೋಬರ್ 31ರವರೆಗೆ ಇದೆ. ಆ ಹೊತ್ತಿಗೆ ಕೊಡಗಿನ ಸಮಾಜಗಳೇ ಮುಂದೆ ಬಂದು, ವಿನಾಯಿತಿ ಪತ್ರ ಪಡೆಯುವ ಪ್ರತಿ ಯುವಕ ಯುವತಿಗೆ ಹಿರಿಯ ಗುರಿಕಾರರಿಂದ ಕೆಲವು ದಿನಗಳ ಕಡ್ಡಾಯ ತರಬೇತಿ ಎಂಬ ಪದ್ಧತಿಯನ್ನು ತಾವೇ ರೂಪಿಸಬೇಕೆಂದು ನನ್ನ ಕೋರಿಕೆ. ಸೈನ್ಯದಿಂದ ನಿವೃತ್ತರಾದವರು ಅಲ್ಲಿ ಊರೂರಿನಲ್ಲಿದ್ದಾರೆ, ಕಲಿಸುವವರಿಗೆ ಕೊರತೆಯಿಲ್ಲ. ಉಳಿದ ಜಿಲ್ಲೆಗಳ ಶಿಬಿರಗಳಿಗೂ ಅಂಥವರನ್ನು ಕರೆದರೆ ಪೊಲೀಸರ ಹೊರೆ ಇಳಿಯುತ್ತದೆ, ಪ್ರತಿ ತಾಲ್ಲೂಕಿನಲ್ಲೂ ತರಬೇತಿ ನಡೆಸುವುದು ಸಾಧ್ಯವಾಗುತ್ತದೆ.