ಜಾನ್ ಹೆನ್ರಿಯಿಸಂ: ಸುತ್ತಿಗೆ ಕೆಳಗಿಡದ ಹಟ

ಅಮೆರಿಕದ ಜನಪದ ಕಥೆಗಳಲ್ಲಿ ಜಾನ್ ಹೆನ್ರಿ ಅಂತ ಒಬ್ಬ ಕಪ್ಪು ಕೂಲಿಯಾಳು ಬರುತ್ತಾನೆ. ರೈಲು ಸುರಂಗಕ್ಕೆ ಬಂಡೆ ಕೊರೆಯುವುದು ಅವನ ಕೆಲಸ. ಹಬೆಯಂತ್ರ ಬಂದಾಗ ಅದರೊಡನೆ ಪಂದ್ಯಕ್ಕೆ ನಿಂತ. ಗೆದ್ದ. ಕೈಯಲ್ಲಿ ಸುತ್ತಿಗೆ ಹಿಡಿದೇ ಸತ್ತುಬಿದ್ದ.

1970ರ ದಶಕದ ಕೊನೆಯಲ್ಲಿ ಶರ್ಮನ್ ಜೇಮ್ಸ್ ಎಂಬ ಕಪ್ಪು ಸಂಶೋಧಕರು ನಾರ್ತ್ ಕೆರೊಲಿನಾದಲ್ಲಿ ಒಬ್ಬ ವಯಸ್ಸಾದ ಕಪ್ಪು ರೈತರನ್ನು ಮಾತಾಡಿಸಿದರು. ಆ ರೈತರು ಎರಡನೇ ಕ್ಲಾಸು ದಾಟಿರಲಿಲ್ಲ. ಬೇರೆಯವರ ಹೊಲದಲ್ಲಿ ಕೋರಿಗೆ ದುಡಿಯುವ ಪಾಡಿನಿಂದ ಬಿಡಿಸಿಕೊಂಡು, ನಲವತ್ತರ ಹೊತ್ತಿಗೆ 75 ಎಕರೆ ಸ್ವಂತ ಮಾಡಿಕೊಂಡಿದ್ದರು. ಆದರೆ ಅರವತ್ತು ತುಂಬುವ ಮೊದಲೇ ಬಿಪಿ, ಕೀಲುನೋವು, ಹೊಟ್ಟೆಹುಣ್ಣು. ಅವರ ಹೆಸರೂ ಜಾನ್ ಹೆನ್ರಿಯೇ! ಜೇಮ್ಸ್‌ಗೆ ಪದ ಅಲ್ಲೇ ಸಿಕ್ಕಿತು.

ಎಷ್ಟೇ ಅಡ್ಡಿ ಬರಲಿ, ಇನ್ನೂ ಜಾಸ್ತಿ ದುಡಿದು ದಾಟುತ್ತೇನೆ ಎಂಬ ಬಿಡದ ಹಟಕ್ಕೆ ಜಾನ್ ಹೆನ್ರಿಯಿಸಂ ಎನ್ನುತ್ತಾರೆ. ಇದು ಕಾಯಿಲೆಯ ಹೆಸರಲ್ಲ. ಇದನ್ನು ಅಳೆಯಲು ಜೇಮ್ಸ್ 12 ಹೇಳಿಕೆಗಳ ಪಟ್ಟಿ ಮಾಡಿದರು. ಹಟ ಜಾಸ್ತಿ, ಕೈಯಲ್ಲಿ ಕಾಸು ಕಡಿಮೆ ಇದ್ದ ಕಪ್ಪು ಜನರಲ್ಲಿ ಬಿಪಿ ಹೆಚ್ಚಾಗಿ ಕಂಡಿತು. ಅನುಕೂಲಸ್ಥರಲ್ಲಿ ಹಾಗಾಗಲಿಲ್ಲ. ಅಂದರೆ ಬರೀ ಹಟದ ತಪ್ಪಲ್ಲ, ಎದುರಿಗಿರುವ ಬಂಡೆಯದೂ ಹೌದು.

ಜೇಮ್ಸ್ ನೋಡಿದ್ದು ಮುಖ್ಯವಾಗಿ ರಕ್ತದೊತ್ತಡ. ಕಪ್ಪು ಗಂಡಸರು ಮನಸ್ಸಿನ ನೋವಿಗೆ ನೆರವು ಕೇಳಲು ಹಿಂಜರಿಯುವ ಮಾತು ಬಂದಾಗಲೂ ಈಗ ಈ ಪದ ಕೇಳಿಸುತ್ತದೆ. 'ಗಂಡಸಾದವನು ತಾನೇ ಸಂಭಾಳಿಸಬೇಕು' ಎಂಬುದು ನಮಗೂ ಗೊತ್ತಿರುವ ಮಾತೇ ಅಲ್ವಾ? ಆದರೆ ಅಲ್ಲಿ ಬರೀ ಗಂಡಸ್ತನದ ಬಿಗುಮಾನ ಅಂದುಬಿಟ್ಟರೆ ಅನ್ಯಾಯವಾಗುತ್ತದೆ. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ, ಗುಲಾಮರು ಓಡಿಹೋಗುವುದೇ ಒಂದು ಮನೋರೋಗ ಎಂದು ಬರೆದ. ಅದಕ್ಕೆ 'ಡ್ರಾಪೆಟೊಮೇನಿಯಾ' ಎಂದು ಹೆಸರನ್ನೂ ಇಟ್ಟ. 1932ರಿಂದ 1972ರವರೆಗೆ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಸರ್ಕಾರಿ ವೈದ್ಯರು ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದ ನೂರಾರು ಕಪ್ಪು ಗಂಡಸರಿಗೆ ಸರಿಯಾದ ಚಿಕಿತ್ಸೆ ಕೊಡದೆ, ರೋಗ ಹೇಗೆ ಬಲಿಯುತ್ತದೆಂದು ಸುಮ್ನೆ ನೋಡುತ್ತಾ ಕೂತರು. ಅದನ್ನು ವಾಸಿಮಾಡುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಇಂಥ ಚರಿತ್ರೆ ಇರುವಾಗ ಡಾಕ್ಟರ ಮುಂದೆ ಮನಸ್ಸು ಬಿಚ್ಚು ಎಂದರೆ ಯಾರು ಬಿಚ್ಚುತ್ತಾರೆ?

ಹಾಗಾಗಿ ಕೆಲವರು ಬೇರೆ ಬಾಗಿಲು ಹುಡುಕಿದ್ದಾರೆ. 2016ರಲ್ಲಿ ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ ಶುರುವಾದ 'ಕನ್‌ಫೆಸ್ ಪ್ರಾಜೆಕ್ಟ್' ಎಂಬ ಸಂಸ್ಥೆ ಕ್ಷೌರಿಕರಿಗೆ ತರಬೇತಿ ಕೊಡುತ್ತದೆ. ಗಿರಾಕಿಯ ಮಾತು ಕೇಳುವುದು, ಬೇಕಾದರೆ ಆಪ್ತಸಲಹೆಗಾರರ ದಾರಿ ತೋರಿಸುವುದು ಅವರ ಕೆಲಸ. ತಲೆ ಒಪ್ಪಿಸಿ ಕೂತವನು ಹೇಗೂ ಮಾತಾಡುತ್ತಾನೆ.