ಮಾಂಕ್ ಸಂಗೀತದಿಂದ ‘ಅಪಸ್ವರ’ ತೆಗೆದು ಮೆತ್ತಗೆ ನುಡಿಸಬಹುದಾ?

ಪ್ರಶ್ನೆ: ಜಾಝ್ ಪಿಯಾನೊ ವಾದಕ ಥೆಲೋನಿಯಸ್ ಮಾಂಕ್ ಅವರ ಟ್ಯೂನ್‌ಗಳು ನನಗೆ ತುಂಬ ಇಷ್ಟ. ಆದರೆ ಅವರೇ ನುಡಿಸಿದ್ದನ್ನು ಕೇಳಿದರೆ ಮಧ್ಯೆ ಮಧ್ಯೆ ಕಿವಿಗೆ ಚುಚ್ಚುತ್ತದೆ. ಆ ಅಪಸ್ವರಗಳನ್ನು ತೆಗೆದು, ರಾತ್ರಿ ಊಟದ ಹೊತ್ತಿಗೆ ಹಾಕಿಕೊಳ್ಳುವ ಹಾಗೆ ಹಿತವಾಗಿ ನುಡಿಸಿದರೆ ತಪ್ಪೇನು? ಯಾರಾದರೂ ಹಾಗೆ ಮಾಡಿದ್ದಾರಾ?

ಉತ್ತರ: ತಪ್ಪೇನೂ ಇಲ್ಲ. ಬೇಕಾದಷ್ಟು ಜನ ಮಾಡಿದ್ದಾರೆ. ಕೆಲವು ಟ್ಯೂನ್‌ಗಳು ಅದನ್ನು ತಡೆದುಕೊಳ್ಳುತ್ತವೆ, ಕೆಲವು ಸತ್ತೇ ಹೋಗುತ್ತವೆ. ಯಾವುವು, ಯಾಕೆ ಅನ್ನುವುದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಪ್ರಶ್ನೆಯೊಳಗೆ ಕೂತಿರುವ ಆ ‘ಅಪಸ್ವರ’ ಅನ್ನುವ ಮಾತನ್ನು ಎಬ್ಬಿಸಿ ಕಳಿಸಬೇಕು. ಪಿಯಾನೊ ಕಲಿಸಲು ಶುರು ಮಾಡಿದಾಗಿನಿಂದ ಇದಕ್ಕೆ ಉತ್ತರ ಹೇಳುತ್ತಲೇ ಇದ್ದೇನೆ. “ಅವನಿಗೆ ಪಿಯಾನೊ ಸರಿಯಾಗಿ ಬರ್ತಿರಲಿಲ್ಲವಂತೆ, ಕೈಗೆ ಸಿಕ್ಕಿದ್ದನ್ನು ಒತ್ತುತ್ತಿದ್ದನಂತೆ, ಜನ ಅದನ್ನೇ ಸ್ಟೈಲ್ ಅಂದುಕೊಂಡರಂತೆ.” ಎಲ್ಲರ ಬಾಯಲ್ಲೂ ಈ ‘ಅಂತೆ’ಯೇ. ಕೂತು ಕೇಳಿ ನೋಡಿದವರು ಕಡಿಮೆ.

ಮನೆಯಲ್ಲಿ ಕೀಬೋರ್ಡ್ ಇದ್ದರೆ ಈಗಲೇ ಹೀಗೆ ಮಾಡಿ. ಎಡಗೈಯಲ್ಲಿ ಕೆಳಗಿನ ಷಡ್ಜ (C ಕೀ) ಒತ್ತಿ. ಬಲಗೈಯಲ್ಲಿ ಅಂತರ ಗಾಂಧಾರ (E), ಪಂಚಮ (G), ಕಾಕಲಿ ನಿಷಾದ (B) ಸೇರಿಸಿ. ಎಷ್ಟು ಹಿತವಾಗಿದೆ ಅಲ್ವಾ? ಇದು ಮೇಜರ್ ಸೆವೆಂತ್ ಅನ್ನುವ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು. ಹೋಟೆಲ್ ಲಾಬಿಯಲ್ಲಿ ಕೇಳಿಸುವ ಸಂಗೀತದ ತುಂಬ ಇದೇ. ಈಗ ಗಾಂಧಾರ, ಪಂಚಮ ಎರಡನ್ನೂ ತೆಗೆಯಿರಿ. ಕೆಳಗಿನ ಷಡ್ಜವನ್ನೂ ಬಿಡಿ. ನಿಷಾದವನ್ನು ಅದರ ಪಕ್ಕದಲ್ಲೇ ಇರುವ ಮೇಲಿನ ಷಡ್ಜದ ಜೊತೆ ಒತ್ತಿ. ಚುಚ್ಚಿತು!

ಹೊಸ ಸ್ವರ ಒಂದೂ ಸೇರಿಲ್ಲ. ಷಡ್ಜ ಆಗಲೂ ಇತ್ತು, ನಿಷಾದ ಆಗಲೂ ಇತ್ತು. ಅವೆರಡರ ನಡುವೆ ದೂರ ಇತ್ತು, ಮಧ್ಯೆ ಎರಡು ಮೆತ್ತನೆಯ ದಿಂಬು ಇದ್ದವು. ಮಾಂಕ್ ಮತ್ತೆ ಮತ್ತೆ ಮಾಡಿದ್ದು ಇದನ್ನೇ. ದಿಂಬು ತೆಗೆದರು, ಜಗಳವಾಡುವ ಎರಡು ಸ್ವರಗಳನ್ನು ಹತ್ತಿರ ಕೂರಿಸಿದರು. ನಾವು ಹಿತ ಅನ್ನುವ ಸಂಗೀತದ ಒಳಗೇ ಈ ಜಗಳ ಅಡಗಿದೆ. ಅವರು ಅದನ್ನು ಮುಚ್ಚಿಡಲಿಲ್ಲ, ಅಷ್ಟೇ. ನಾಟ ರಾಗದಲ್ಲಿ ಷಟ್‌ಶ್ರುತಿ ರಿಷಭವೂ ಅಂತರ ಗಾಂಧಾರವೂ ಪಕ್ಕಪಕ್ಕದಲ್ಲೇ ಕೂತಿರುತ್ತವೆ. ವಿವಾದಿ, ಅಂದರೆ ಜಗಳವಾಡುವ ಸ್ವರ, ಅನ್ನುತ್ತೇವೆಯೇ ಹೊರತು ಅದನ್ನು ತಪ್ಪು ಅನ್ನುವುದಿಲ್ಲ. ಕಚೇರಿ ಶುರು ಮಾಡುವುದೇ ಎಷ್ಟೋ ಸಲ ಅದರಿಂದ.

ಇನ್ನೊಂದು ವಿಷಯ. ಪಿಯಾನೊದಲ್ಲಿ ಗಮಕ ಇಲ್ಲ. ಒಂದು ಕೀಗೂ ಪಕ್ಕದ ಕೀಗೂ ಮಧ್ಯೆ ಏನೂ ಇಲ್ಲ. ವೀಣೆಯಲ್ಲಾದರೆ ತಂತಿ ಎಳೆದು ಆ ಜಾಗ ಮುಟ್ಟಬಹುದು. ಬ್ಲೂಸ್ ಹಾಡುವವರೂ ಸ್ವರವನ್ನು ಹಾಗೇ ಬಗ್ಗಿಸುತ್ತಾರೆ. ಪಿಯಾನೊದವರು ಏನು ಮಾಡಬೇಕು? ಮಾಂಕ್ ಪಕ್ಕಪಕ್ಕದ ಎರಡು ಕೀಗಳನ್ನು ಒಟ್ಟಿಗೆ ಒತ್ತಿ, ಒಂದನ್ನು ತಕ್ಷಣ ಬಿಟ್ಟು, ಇನ್ನೊಂದನ್ನು ಹಿಡಿದಿರುತ್ತಾರೆ. ಸ್ವರ ಜಾರಿ ಬಂದ ಹಾಗೆ ಕೇಳಿಸುತ್ತದೆ. ಇದು ಕೈತಪ್ಪಿ ಆಗುವ ಕೆಲಸ ಅಲ್ಲ. ಯಾವ ಬೆರಳು ಯಾವಾಗ ಏಳಬೇಕು ಅನ್ನುವುದನ್ನು ಕಲಿಯಲು ನನ್ನ ವಿದ್ಯಾರ್ಥಿಗಳಿಗೆ ತಿಂಗಳುಗಟ್ಟಲೆ ಬೇಕಾಗುತ್ತದೆ.

ಇಷ್ಟಾದರೂ “ಕೈ ತಪ್ಪಿದ್ದೇ ಇರಬಹುದು” ಅನ್ನುವವರಿಗೆ ಎರಡು ರೆಕಾರ್ಡಿಂಗ್ ತೋರಿಸುತ್ತೇನೆ. ಮೊದಲನೆಯದು 1957ರದು. ಮಾಂಕ್ ಸ್ಟುಡಿಯೊದಲ್ಲಿ ಒಬ್ಬರೇ ಕೂತು ‘ರೌಂಡ್ ಮಿಡ್‌ನೈಟ್’ ನುಡಿಸುತ್ತಿದ್ದಾರೆ. ಅದು ಅವರದೇ ಟ್ಯೂನ್. ಆ ಹೊತ್ತಿಗೆ ಹತ್ತು ವರ್ಷಕ್ಕೂ ಜಾಸ್ತಿ ಹಳೆಯದು. ಟೇಪು ಓಡುತ್ತಲೇ ಇದೆ, ಸುಮಾರು 22 ನಿಮಿಷ. ನುಡಿಸುತ್ತಾರೆ, ನಿಲ್ಲಿಸುತ್ತಾರೆ, ಅದೇ ಜಾಗಕ್ಕೆ ವಾಪಸ್ ಬರುತ್ತಾರೆ, ಬೇರೆ ಥರ ಇಟ್ಟು ನೋಡುತ್ತಾರೆ. ಒಂದೊಂದು ಸ್ವರವನ್ನೂ ಆರಿಸಿ ಎತ್ತಿಕೊಳ್ಳುವುದು ಕಿವಿಗೇ ಗೊತ್ತಾಗುತ್ತದೆ.

ಎರಡನೆಯದು ನನಗೆ ಇನ್ನೂ ಇಷ್ಟ. 1952ರಲ್ಲಿ ಮಾಂಕ್ ‘ಲಿಟಲ್ ರೂಟಿ ಟೂಟಿ’ ಅಂತ ಒಂದು ಟ್ಯೂನ್ ರೆಕಾರ್ಡ್ ಮಾಡಿದರು. ಪಿಯಾನೊ, ಬಾಸ್, ಡ್ರಮ್ಸ್, ಇಷ್ಟೇ. ಆರೇಳು ವರ್ಷ ಆದ ಮೇಲೆ, 1959ರ ಫೆಬ್ರವರಿ 28ರಂದು, ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ಹತ್ತು ಜನರ ತಂಡದ ಜೊತೆ ಅವರ ಕಚೇರಿ ನಡೆಯಿತು. ಅದಕ್ಕೆ ಸಂಗೀತ ಜೋಡಿಸಿದವರು ಹಾಲ್ ಓವರ್‌ಟನ್. ಅವರು ಆ ಹಳೆಯ ರೆಕಾರ್ಡಿನಲ್ಲಿ ಮಾಂಕ್ ನುಡಿಸಿದ ಸೋಲೊವನ್ನು, ಅಂದರೆ ಟ್ಯೂನಿನ ಮಧ್ಯೆ ಅವರೊಬ್ಬರೇ ಮುಂದೆ ನಿಂತು ಬೆಳೆಸಿದ ಭಾಗವನ್ನು, ಪೂರ್ತಿ ಬರೆದುಕೊಂಡು ಊದುವ ವಾದ್ಯದವರಿಗೆ ಹಂಚಿದರು. ಟ್ರಂಪೆಟ್, ಟ್ರಾಂಬೋನ್, ಫ್ರೆಂಚ್ ಹಾರ್ನ್, ಟ್ಯೂಬಾ, ಮೂರು ಸ್ಯಾಕ್ಸೊಫೋನ್. ಏಳು ಜನ ಆ ‘ತಪ್ಪು’ ಸ್ವರಗಳನ್ನು ಒಟ್ಟಿಗೆ ಊದುತ್ತಾರೆ. ಎಷ್ಟು ಗಟ್ಟಿಯಾಗಿ, ಎಷ್ಟು ಸರಿಯಾಗಿ ಕೂರುತ್ತದೆ ಕೇಳಿ ನೋಡಿ. ಕೈ ಜಾರಿ ಬಿದ್ದದ್ದನ್ನು ಯಾರೂ ಹೀಗೆ ಏಳು ವಾದ್ಯಕ್ಕೆ ಬರೆದು ಅಭ್ಯಾಸ ಮಾಡಿಸುವುದಿಲ್ಲ.

‘ಪಿಯಾನೊ ಬರ್ತಿರಲಿಲ್ಲ’ ಅನ್ನುವುದಕ್ಕೂ ಆಧಾರವಿಲ್ಲ. ಮಾಂಕ್ ಹುಟ್ಟಿದ್ದು 1917ರಲ್ಲಿ, ಉತ್ತರ ಕೆರೊಲಿನಾದ ರಾಕಿ ಮೌಂಟ್‌ನಲ್ಲಿ. ಚಿಕ್ಕಂದಿನಲ್ಲೇ ಮನೆಯವರು ನ್ಯೂಯಾರ್ಕಿಗೆ ಬಂದರು. ಹುಡುಗನಿಗೆ ಪಾಶ್ಚಾತ್ಯ ಶಾಸ್ತ್ರೀಯ ಪಾಠ ಆಯಿತು. ಹದಿಹರೆಯದಲ್ಲಿ ಊರೂರು ತಿರುಗುವ ಕ್ರೈಸ್ತ ಪ್ರಚಾರಕರ ಜೊತೆ ನುಡಿಸಿಕೊಂಡು ಹೋದರು. ನ್ಯೂಯಾರ್ಕಿನ ಹಾರ್ಲೆಮ್‌ನ ಸ್ಟ್ರೈಡ್ ಶೈಲಿ, ಅಂದರೆ ಎಡಗೈ ಒಮ್ಮೆ ತಳದ ಸ್ವರಕ್ಕೆ ಒಮ್ಮೆ ನಡುವಿನ ಕಾರ್ಡ್‌ಗೆ ನೆಗೆಯುತ್ತಲೇ ಇರುವ ಕಷ್ಟದ ಶೈಲಿ, ಅವರಿಗೆ ಕರತಲಾಮಲಕ. ಒಬ್ಬರೇ ನುಡಿಸಿದ ಯಾವ ರೆಕಾರ್ಡ್ ಹಾಕಿದರೂ ಆ ಎಡಗೈ ಸಿಗುತ್ತದೆ. ಬೆರಳುಗಳನ್ನು ಚಪ್ಪಟೆಯಾಗಿ ಇಟ್ಟು ನುಡಿಸುತ್ತಿದ್ದರು ನಿಜ. ಮೇಷ್ಟ್ರುಗಳಿಗೆ ಅದು ಸರಿ ಕಾಣುವುದಿಲ್ಲ, ನಾನೂ ಮಕ್ಕಳಿಗೆ ಹಾಗೆ ಕಲಿಸುವುದಿಲ್ಲ. ಆದರೆ ಅವರ ಪಿಯಾನೊದ ಆ ಗಂಟೆ ಬಾರಿಸಿದಂಥ ನಾದಕ್ಕೆ ಆ ಬೆರಳುಗಳದೂ ಪಾಲಿದೆ.

ಇನ್ನು ಮೆತ್ತಗೆ ಮಾಡಿದವರ ಕತೆ. ಮಾಂಕ್ ಬದುಕಿದ್ದಾಗಲೇ ರೆಕಾರ್ಡ್ ಕಂಪನಿಗಳು ಇದನ್ನು ಯೋಚಿಸಿದ್ದವು. 1955ರಲ್ಲಿ ರಿವರ್‌ಸೈಡ್ ಕಂಪನಿ ಮಾಂಕ್ ಅವರನ್ನು ಹಳೆಯ ಕಂಪನಿಯಿಂದ ಬಿಡಿಸಿಕೊಂಡಿತು. ಅದಕ್ಕೆ ಕೊಟ್ಟದ್ದು ಸುಮಾರು 108 ಡಾಲರ್. ಮಾಂಕ್ ಸಂಗೀತ ಕಷ್ಟ ಅನ್ನುವ ಹೆಸರು ಆಗಲೇ ಅಂಟಿತ್ತು. ಹಾಗಾಗಿ ಮೊದಲ ರೆಕಾರ್ಡಿಗೆ ಪೂರ್ತಿ ಹೆಸರಾಂತ ಜಾಝ್ ಸಂಯೋಜಕ ಡ್ಯೂಕ್ ಎಲಿಂಗ್ಟನ್ ಅವರ ಟ್ಯೂನ್‌ಗಳನ್ನೇ ನುಡಿಸಿ ಅಂದರು. ಎರಡನೆಯದಕ್ಕೆ ಜನ ಬಲ್ಲ ಹಳೆಯ ಹಾಡುಗಳು. ಟ್ಯೂನ್ ಬದಲಾಯಿಸಿದರು, ಬೆರಳಿಗೆ ಕೈ ಹಾಕಲಿಲ್ಲ. ಇದು ಜಾಣತನದ ದಾರಿ ಅಂತ ನಾನು ಒಪ್ಪುತ್ತೇನೆ. 1968ರಲ್ಲಿ ಕೊಲಂಬಿಯಾ ಕಂಪನಿ ಬೇರೆ ದಾರಿ ಹಿಡಿಯಿತು. ಆಲಿವರ್ ನೆಲ್ಸನ್ ಅವರಿಂದ ದೊಡ್ಡ ಬ್ಯಾಂಡಿಗೆ ಜೋಡಿಸಿ ಬರೆಸಿತು. ನೆಲ್ಸನ್ ದೊಡ್ಡ ಸಂಗೀತಗಾರರೇ. ಆದರೂ ಆ ರೆಕಾರ್ಡ್ ಕೇಳುವಾಗ ಪಿಯಾನೊ ಒಂದು ಕಡೆ, ಬ್ಯಾಂಡ್ ಒಂದು ಕಡೆ ನಡೆದ ಹಾಗೆ ನನಗೆ ಅನಿಸುತ್ತದೆ. ಮಾಂಕ್ ಖಾಲಿ ಬಿಟ್ಟ ಜಾಗಗಳನ್ನೆಲ್ಲ ಹಿತ್ತಾಳೆ ವಾದ್ಯಗಳು ತುಂಬಿಬಿಡುತ್ತವೆ.

ಖಾಲಿ ಜಾಗ ಅಂದೆನಲ್ಲ, ನಿಜವಾದ ಉತ್ತರ ಅಲ್ಲಿದೆ. ಮೆತ್ತಗೆ ಮಾಡಲು ಹೊರಟವರು ಮೊದಲು ಕೆಡಿಸುವುದು ಸ್ವರವನ್ನಲ್ಲ, ಮೌನವನ್ನು. ‘ಎವಿಡೆನ್ಸ್’ ಟ್ಯೂನ್ ತೆಗೆದುಕೊಳ್ಳಿ. ಅದರ ತಳದಲ್ಲಿರುವುದು ‘ಜಸ್ಟ್ ಯೂ, ಜಸ್ಟ್ ಮಿ’ ಅನ್ನುವ 1929ರ ಹಾಡಿನ ಕಾರ್ಡ್‌ಗಳು. ಹೆಸರು ಹುಟ್ಟಿದ್ದೂ ಅಲ್ಲಿಂದಲೇ: ನೀನು, ನಾನು ಅಂದರೆ ‘ಜಸ್ಟ್ ಅಸ್’, ಅದು ‘ಜಸ್ಟಿಸ್’, ಅಲ್ಲಿಂದ ‘ಎವಿಡೆನ್ಸ್’. ಮಾಂಕ್ ಆ ಹಾಡನ್ನು ಕಿತ್ತು ಕಿತ್ತು, ಅಲ್ಲೊಂದು ಇಲ್ಲೊಂದು ಪೆಟ್ಟು ಮಾತ್ರ ಉಳಿಸಿದರು. ಆ ಸಂದುಗಳನ್ನು ಹಿತವಾದ ಕಾರ್ಡ್‌ಗಳಿಂದ ತುಂಬಿದರೆ ನಿಮಗೆ ಸಿಗುವುದು ಮತ್ತೆ 1929ರ ಹಾಡು. ಮಾಂಕ್ ಅಲ್ಲಿ ಇರುವುದೇ ಇಲ್ಲ. ‘ರೂಟಿ ಟೂಟಿ’ಯಲ್ಲಿ ಚುಚ್ಚುವ ಕಾರ್ಡೇ ರೈಲಿನ ಸಿಳ್ಳೆ. ಅದು ಅವರು ತಮ್ಮ ಪುಟ್ಟ ಮಗನಿಗಾಗಿ ಕಟ್ಟಿದ ಟ್ಯೂನ್. ಸಿಳ್ಳೆ ತೆಗೆದರೆ ರೈಲು ಎಲ್ಲಿಂದ ಬರಬೇಕು?

‘ರೌಂಡ್ ಮಿಡ್‌ನೈಟ್’ ಮಾತ್ರ ಎಲ್ಲವನ್ನೂ ತಾಳಿಕೊಂಡಿದೆ. ಮಾಂಕ್ ಅದನ್ನು ರೆಕಾರ್ಡ್ ಮಾಡುವ ಮೊದಲೇ, 1944ರಲ್ಲಿ, ಕೂಟಿ ವಿಲಿಯಮ್ಸ್ ಬ್ಯಾಂಡ್ ಮಾಡಿತ್ತು. ಡಿಝಿ ಗಿಲೆಸ್ಪಿ ಅದಕ್ಕೊಂದು ಮುನ್ನುಡಿ ಜೋಡಿಸಿದರು, ಮೈಲ್ಸ್ ಡೇವಿಸ್ ಟ್ರಂಪೆಟ್ಟಿಗೆ ಮ್ಯೂಟ್, ಅಂದರೆ ಸದ್ದು ತಗ್ಗಿಸುವ ಮುಚ್ಚಳ, ಹಾಕಿ ಪಿಸುಗುಟ್ಟಿದರು, ಸಾಹಿತ್ಯ ಸೇರಿತು, ಗಾಯಕಿಯರು ಹಾಡಿದರು. ಉದ್ದ ಉಸಿರಿನ ರಾಗ ಅದು. ಅದರ ನೋವು ರಾಗದಲ್ಲೇ ಇದೆ. ‘ರೂಬಿ, ಮೈ ಡಿಯರ್’ ಕೂಡ ಹಾಗೇ. ಇವನ್ನು ಮೆತ್ತಗೆ ನುಡಿಸಿ, ನನ್ನ ತಕರಾರಿಲ್ಲ.

ಕೇಳದಿದ್ದರೂ ಒಂದು ಮಾತು ಹೇಳಬೇಕು, ಯಾಕೆಂದರೆ ಕಲಿಯುವವರು ಇಲ್ಲಿ ಸುಮ್ನೆ ಮೋಸ ಹೋಗುತ್ತಾರೆ. ಮಾಂಕ್ ಟ್ಯೂನನ್ನು ಕಾಗದ ನೋಡಿ ಕಲಿಯಬೇಡಿ. ‘ವೆಲ್, ಯೂ ನೀಡಂಟ್’ ಅನ್ನುವ ಟ್ಯೂನನ್ನು ಮೈಲ್ಸ್ ಡೇವಿಸ್ 1954ರಲ್ಲಿ ನುಡಿಸಿದಾಗ ಮಧ್ಯದ ಭಾಗದ ಕಾರ್ಡ್‌ಗಳನ್ನು ಬದಲಾಯಿಸಿದರು. ಕಲಿಯುವವರ ಕೈಯಲ್ಲಿ ಓಡಾಡುವ ಪುಸ್ತಕಗಳಲ್ಲಿ ಆ ಬದಲಾದ ರೂಪವೇ ಹಬ್ಬಿತು. ಎಷ್ಟೋ ಜನ ಅದೇ ಮಾಂಕ್ ಅಂದುಕೊಂಡು ಬಾಯಿಪಾಠ ಮಾಡಿದ್ದಾರೆ. ಮಾಂಕ್ ತಮ್ಮ ಜೊತೆಯವರಿಗೆ ಬರೆದ ಹಾಳೆ ಕೊಡುವುದಕ್ಕಿಂತ ನುಡಿಸಿ ಕಿವಿಗೆ ಕೂರಿಸುವುದನ್ನೇ ಇಷ್ಟಪಡುತ್ತಿದ್ದರು. ನಮ್ಮಲ್ಲಿ ಪಾಠ ಆಗುವುದೂ ಹಾಗೇ ಅಲ್ವಾ? ಮೊದಲು ಅವರ ರೆಕಾರ್ಡ್ ಹತ್ತು ಸಲ ಕೇಳಿ, ಬಾಯಲ್ಲಿ ಗುನುಗಿ, ಆಮೇಲೆ ಕೀ ಮುಟ್ಟಿ.

ಊಟದ ಹೊತ್ತಿನ ಬೇಡಿಕೆ ನಾನು ಮರೆತಿಲ್ಲ. ‘ಕ್ರೆಪಸ್ಕ್ಯೂಲ್ ವಿತ್ ನೆಲ್ಲಿ’ ಹಾಕಿ. 1957ರಲ್ಲಿ ಹೆಂಡತಿ ನೆಲ್ಲಿ ಕಾಯಿಲೆ ಬಿದ್ದಾಗ ಮಾಂಕ್ ಕಟ್ಟಿದ್ದು. ಇದರಲ್ಲಿ ಮನೋಧರ್ಮಕ್ಕೆ, ಅಂದರೆ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವುದಕ್ಕೆ, ಜಾಗವೇ ಇಟ್ಟಿಲ್ಲ, ಕಟ್ಟಿದ್ದನ್ನು ಕಟ್ಟಿದ ಹಾಗೇ ನುಡಿಸುತ್ತಿದ್ದರು. ನಿಧಾನ, ಮೆತ್ತಗೆ, ಆದರೆ ಚುಚ್ಚುವ ಜಾಗಗಳೂ ಅಲ್ಲಲ್ಲೇ ಇವೆ. ಒಂದು ವಾರ ದಿನಾ ಕೇಳಿ. ಆಮೇಲೆ ಆ ಚುಚ್ಚುವ ಸ್ವರ ಬರುವುದಕ್ಕೆ ಒಂದು ಕ್ಷಣ ಮೊದಲೇ ಅದಕ್ಕಾಗಿ ಕಾಯುತ್ತಿದ್ದೀರಾ ಅಂತ ನನಗೆ ಬರೆದು ತಿಳಿಸಿ.